ತೋಟವಿದ್ದವರಿಗೆ ಸಹಜವಲ್ಲದ ‘ಸಹಜ್’: ನೇರ ತೆರಿಗೆ ಮಂಡಳಿಗೆ ಶಿರಸಿಯಿಂದ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಅಧ್ಯಕ್ಷರು,
ಕೇಂದ್ರ ನೇರ ತೆರಿಗೆಗಳ ಮಂಡಳಿ,
ನವದೆಹಲಿ.

ವಿಷಯ: ಶುಲ್ಕವಿಲ್ಲದೆ ಆದಾಯ ತೆರಿಗೆ ರಿಟರ್ನ್ಸ್ (ವರ್ಷದ ಆದಾಯ, ತೆರಿಗೆಯ ಲೆಕ್ಕಪತ್ರ) ಸಲ್ಲಿಸಲು ನೀವೇ ಮಾಡಿಕೊಟ್ಟಿರುವ ವ್ಯವಸ್ಥೆ ನಮ್ಮ ಹಳ್ಳಿಗಳಿಗೆ ತಿಳಿಯದಿರುವುದು ಮತ್ತು ಅದರಿಂದ ತೋಟವಿರುವ ಪಿಂಚಣಿದಾರರು ಅನುಭವಿಸುತ್ತಿರುವ ನಷ್ಟ.

ಮಾನ್ಯರೇ,

ನಾನು ಶಿರಸಿ ತಾಲ್ಲೂಕಿನ ಹುಲೇಕಲ್ ಕಡೆಯ ಹಳ್ಳಿಯೊಂದರವಳು. ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಗಣಿತ ಕಲಿಸಿ ನಿವೃತ್ತಳಾಗಿದ್ದೇನೆ. ಊರಿನವರ ಬಾಯಲ್ಲಿ ಈಗಲೂ ‘ಅಕ್ಕೋರು’. ಪಿಂಚಣಿ ಬರುತ್ತದೆ, ಬ್ಯಾಂಕಿನಲ್ಲಿ ಸ್ವಲ್ಪ ಠೇವಣಿ ಇದೆ, ಮನೆಯವರು ತೀರಿಕೊಂಡ ಮೇಲೆ ನನ್ನ ಹೆಸರಿಗೆ ಬಂದ ಒಂದೂಮುಕ್ಕಾಲು ಎಕರೆ ಅಡಿಕೆ ತೋಟವಿದೆ. ತೆರಿಗೆ ತಪ್ಪಿಸಿಕೊಳ್ಳುವ ಆಸೆ ನನಗಿಲ್ಲ. ಆದರೆ ನನ್ನ ತೆರಿಗೆ ಇಷ್ಟು ಎಂದು ಸರ್ಕಾರಕ್ಕೆ ಹೇಳುವುದಕ್ಕೇ ನಡುವೆ ಯಾರಿಗೋ ಹಣ ಕೊಡಬೇಕಾಗಿ ಬಂತು. ಅದು ಹೇಗೆ ಬಂತು ಎಂಬುದನ್ನು ತಮ್ಮ ಮುಂದಿಡಲು ಈ ಪತ್ರ. ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕಾರಣ, ಇದು ನನ್ನೊಬ್ಬಳ ಮನೆಯ ಕತೆಯಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಪಿಂಚಣಿಯೂ ತೋಟವೂ ಒಟ್ಟಿಗೇ ಇರುವ ಮನೆಗಳು ಬಹಳ.

ನೌಕರಿಯಲ್ಲಿದ್ದಾಗ ಈ ತಲೆಬಿಸಿ ಇರಲಿಲ್ಲ. ವರ್ಷದ ಸಂಬಳ, ಅದರಲ್ಲಿ ಕಡಿತವಾದ ತೆರಿಗೆ ತೋರಿಸುವ ಫಾರ್ಮ್ 16ನ್ನು ಗುಮಾಸ್ತರು ಕೈಗಿಡುತ್ತಿದ್ದರು. ಕಂಪ್ಯೂಟರ್ ಬಲ್ಲ ಸಹೋದ್ಯೋಗಿಯೊಬ್ಬರು ಚಹಾ ಆರುವುದರೊಳಗೆ ‘ಸಹಜ್’ ಎಂಬ ಅತಿ ಸರಳ ರಿಟರ್ನ್ಸ್ ನಮೂನೆ (ಐಟಿಆರ್-1) ತುಂಬಿ ಮುಗಿಸುತ್ತಿದ್ದರು. ತೋಟ ನನ್ನ ಹೆಸರಿಗೆ ಬಂದ ಮೇಲೆ, 2024ರ ಜುಲೈಯಲ್ಲಿ, ಮೊದಲ ಬಾರಿಗೆ ನಾನೇ ಕೂತೆ.

ಆ ಜುಲೈಯನ್ನು ಉತ್ತರ ಕನ್ನಡದವರು ಮರೆಯುವಂತಿಲ್ಲ. 16ನೇ ತಾರೀಕು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಿತ್ತು. ಜನ ಸತ್ತರು. ಗಂಗಾವಳಿಯಲ್ಲಿ ವಾರಗಟ್ಟಲೆ ಹುಡುಕಾಟ ನಡೆಯಿತು. ಘಟ್ಟದ ಮೇಲೆ ನಮ್ಮಲ್ಲೂ ಮಳೆ ಬಿಡುವು ಕೊಡಲಿಲ್ಲ. ಕರೆಂಟು ಬಂದರೆ ಸುದ್ದಿ, ಹೋದರೆ ಸುದ್ದಿಯಲ್ಲ. ಅದೇ ಹೊತ್ತಿಗೆ ತೋಟಕ್ಕೆ ಎರಡನೇ ಸುತ್ತಿನ ಕೊಳೆರೋಗದ ಔಷಧ ಹೊಡೆಸಬೇಕು. ಒಂದು ದಿನ ಬಿಸಿಲು ಕಂಡರೆ ಮರ ಹತ್ತುವ ಕೊನೆಗೌಡನನ್ನು ಹಿಡಿದು ತರಬೇಕು, ಮೈಲುತುತ್ತು ಸುಣ್ಣ ಕಲಸಬೇಕು. ರಿಟರ್ನ್ಸ್ ಗಡುವು ಜುಲೈ 31 ಎಂದು ಗೊತ್ತು ಮಾಡಿದವರು ಮಲೆನಾಡಿನ ಮಳೆಗಾಲವನ್ನು ಒಮ್ಮೆಯೂ ನೋಡಿರಲಿಕ್ಕಿಲ್ಲ ಎಂದು ನನಗೆ ಪ್ರತಿ ವರ್ಷ ಅನಿಸುತ್ತದೆ. ಇರಲಿ, ಅದು ಬೇರೆ ಪತ್ರಕ್ಕೆ ವಿಷಯ.

ಮೊಬೈಲಿನಲ್ಲಿ ಹುಡುಕಿದೆ. ಮೊದಲು ಕಣ್ಣಿಗೆ ಬಿದ್ದದ್ದು ಒಂದು ಖಾಸಗಿ ತಾಣದ ಜಾಹೀರಾತು. ಹೆಸರು ಹೇಳುವುದಿಲ್ಲ, ಅವರೊಬ್ಬರೇ ಹೀಗೆ ಮಾಡುತ್ತಾರೆ ಎಂದು ನಾನು ನಂಬಿಲ್ಲ. ‘ಉಚಿತ’ ಎಂಬ ಪದ ಅಂಗಡಿಯ ಬೋರ್ಡಿನ ಗಾತ್ರದಲ್ಲಿತ್ತು. ಪ್ಯಾನ್ ಕೊಟ್ಟೆ, ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆ ಕೊಟ್ಟೆ, ಹೊಸದಾಗಿ ಮಾಡಿಸಿಕೊಂಡ ಮಿಂಚಂಚೆ ವಿಳಾಸ ಕೊಟ್ಟೆ. ಪಿಂಚಣಿ, ಬಡ್ಡಿ, ಮೂಲದಲ್ಲೇ ಕಡಿತವಾದ ತೆರಿಗೆ (ಟಿಡಿಎಸ್) ಎಲ್ಲ ತಾವಾಗಿಯೇ ಬಂದು ಕೂತವು. ಎಂಥ ಜಾಣ ಯಂತ್ರ ಎಂದು ಬೆರಗಾದೆ. ಆ ಅಂಕಿಗಳನ್ನೆಲ್ಲ ನಿಮ್ಮ ಇಲಾಖೆಯೇ ಕೂಡಿಟ್ಟಿರುತ್ತದೆ, ಅವರು ಅಲ್ಲಿಂದ ತಂದು ನನ್ನ ಮುಂದಿಟ್ಟರು ಅಷ್ಟೆ ಎಂಬುದು ತಿಳಿದದ್ದು ಆಮೇಲೆ. ನನ್ನ ಗದ್ದೆಯ ಅಕ್ಕಿಯನ್ನೇ ನನಗೆ ಅಳೆದು ಕೊಟ್ಟಂತೆ.

ಎರಡು ಸಂಜೆ ಕೂತು ತುಂಬಿದೆ. ಮನೆಯ ಒಳಗೆ ಸಿಗ್ನಲ್ ಬರುವುದಿಲ್ಲ. ಹಿತ್ತಲ ಬೆಟ್ಟದಲ್ಲಿ ಗೇರು ಮರದ ಬುಡದಲ್ಲಿ ಬರುತ್ತದೆ. ಕೊಡೆ ಹಿಡಿದು ಅಲ್ಲಿಗೆ ಹೋಗುವುದು, ಒಟಿಪಿ ಬರೆದುಕೊಂಡು ಬರುವುದು. ಮೂರನೇ ಸಂಜೆ, 29ನೇ ತಾರೀಕು, ‘ಕೃಷಿ ಆದಾಯ’ ಎಂಬ ಸಾಲಿಗೆ ತೋಟದ ಲೆಕ್ಕ ಹಾಕಿದೆ. ಕೂಡಲೇ ಪರದೆಯ ಮೇಲೊಂದು ಚೌಕ ಎದ್ದು ನಿಂತಿತು: ನಿಮ್ಮ ಆದಾಯದ ವಿಧಕ್ಕೆ ಉಚಿತ ಪ್ಲಾನ್ ಅನ್ವಯಿಸುವುದಿಲ್ಲ, ಮುಂದುವರಿಯಲು 999 ರೂಪಾಯಿ ಮತ್ತು ಜಿಎಸ್‌ಟಿ. ಶೇ 18 ಸೇರಿಸಿದರೆ 1,178 ರೂಪಾಯಿ 82 ಪೈಸೆ. ತುಂಬಿದ್ದನ್ನು ಬೇರೆ ಕಡೆಗೆ ಒಯ್ಯುತ್ತೇನೆಂದರೆ ಅದಕ್ಕೆ ದಾರಿ ಕಾಣಲಿಲ್ಲ. ಗಡುವಿಗೆ ಎರಡು ದಿನ. ಕರೆಂಟು ಯಾವ ಗಳಿಗೆಯಲ್ಲಿ ಹೋಗುತ್ತದೋ ತಿಳಿಯದು. ಕಟ್ಟಿದೆ.

ಹಣ ದೊಡ್ಡದಲ್ಲ. ಆದರೆ ಆ ಪ್ರಶ್ನೆಯನ್ನು ಮೊದಲನೇ ಪುಟದಲ್ಲಿ ಕೇಳಲು ಅವರಿಗೇನು ಕಷ್ಟವಿತ್ತು? ‘ತಮಗೆ ತೋಟ, ಗದ್ದೆ ಉಂಟೇ?’ ಎಂದು ಕೇಳಿದ್ದರೆ ಅರ್ಧ ನಿಮಿಷದಲ್ಲಿ ಮುಗಿಯುತ್ತಿತ್ತು. ಊಟ ಉಚಿತ ಎಂದು ಕರೆದು ಕೂರಿಸಿ, ಅನ್ನ ಬಡಿಸಿ, ಸಾರು ಕೇಳಿದಾಗ ಬಿಲ್ಲು ತಂದಿಟ್ಟರೆ ಎದ್ದು ಹೋಗಲಿಕ್ಕೂ ಆಗುವುದಿಲ್ಲ, ಕೈ ಎಂಜಲಾಗಿರುತ್ತದೆ.

ಅದಾಗಿ ತಿಂಗಳೊಳಗೆ ವೈಯಕ್ತಿಕ ಸಾಲ ಬೇಕೇ, ಆರೋಗ್ಯ ವಿಮೆ ಬೇಕೇ ಎಂದು ಮಿಂಚಂಚೆಗಳು ಬರತೊಡಗಿದವು. ಆ ತಾಣದವರೇ ವಿಳಾಸ ಹಂಚಿದರೆಂದು ನಾನು ಸಾಬೀತು ಮಾಡಲಾರೆ. ಆ ವಿಳಾಸವನ್ನು ಅದುವರೆಗೆ ಬೇರೆ ಯಾರಿಗೂ ಕೊಟ್ಟಿರಲಿಲ್ಲ ಎಂದಷ್ಟೇ ಹೇಳಬಲ್ಲೆ.

ಮರುವರ್ಷ, 2025ರಲ್ಲಿ, ಗಣಿತದವಳ ಹಟಕ್ಕೆ ಬಿದ್ದೆ. ಒಂದೇ ಲೆಕ್ಕವನ್ನು ಎರಡು ಕಡೆ ಮಾಡಿ ನೋಡೋಣವೆಂದು ಒಂದು ಕಿಟಕಿಯಲ್ಲಿ ಖಾಸಗಿ ತಾಣ, ಇನ್ನೊಂದರಲ್ಲಿ ನಿಮ್ಮ ಇಲಾಖೆಯ ಪೋರ್ಟಲ್ ತೆರೆದೆ. ಖಾಸಗಿಯಲ್ಲಿ ಹಣ ಕೇಳುವ ಪುಟದವರೆಗೆ ಹೋದೆ, ನಿಮ್ಮದರಲ್ಲಿ ಕೊನೆಯವರೆಗೆ. ಪಿಂಚಣಿ, ಬಡ್ಡಿ, ಟಿಡಿಎಸ್ ಇಲ್ಲಿಯೂ ತಾವಾಗಿಯೇ ಬಂದಿದ್ದವು. ಕೃಷಿ ಆದಾಯ ಹಾಕಿದೆ. ಯಾವ ಚೌಕವೂ ಏಳಲಿಲ್ಲ, ಯಾರೂ ದುಡ್ಡು ಕೇಳಲಿಲ್ಲ. ಐಟಿಆರ್-2 ಎಂಬ ನಮೂನೆ ಆರಿಸಿಕೊಳ್ಳಬೇಕಿತ್ತು ಅಷ್ಟೆ. ಅದೂ ಪೂರ್ತಿ ಉಚಿತ. ಎರಡು ಕಿಟಕಿಯಲ್ಲೂ ತೆರಿಗೆ ಒಂದು ರೂಪಾಯಿಯ ವ್ಯತ್ಯಾಸವಿಲ್ಲದೆ ಒಂದೇ ಬಂತು. ಬರಲೇಬೇಕು, ಕಾನೂನು ಒಂದೇ ತಾನೇ. ಹಳೆಯ ತೆರಿಗೆ ಪದ್ಧತಿ ಲಾಭವೋ ಹೊಸದು ಲಾಭವೋ ಎಂದು ತೂಗಿ ನೋಡುವುದಕ್ಕೆ ಖಾಸಗಿಯವರು ತಮ್ಮ ಬೆನ್ನು ತಾವೇ ತಟ್ಟಿಕೊಳ್ಳುತ್ತಾರೆ. ಆ ಲೆಕ್ಕ ಹಾಕುವ ಸಲಕರಣೆ ನಿಮ್ಮ ಪೋರ್ಟಲ್‌ನ ಮುಖಪುಟದಲ್ಲೇ ಇದೆ, ಲಾಗಿನ್ ಕೂಡ ಬೇಡ.

ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಮಾತು ನಮ್ಮಲ್ಲಿದೆ. ಬೆಣ್ಣೆ ಕೈಯಲ್ಲಿದೆ ಎಂದು ಹೇಳಬೇಕಾದವರು ಯಾರು ಎಂಬುದೇ ನನ್ನ ಪ್ರಶ್ನೆ.

ಖಾಸಗಿಯವರ ಬಗ್ಗೆ ನ್ಯಾಯವಾಗಿಯೇ ಒಂದು ಮಾತು ಹೇಳಬೇಕು. ಅವರ ಪ್ರಶ್ನೆಗಳು ಮನುಷ್ಯರು ಮನುಷ್ಯರನ್ನು ಕೇಳುವಂತಿದ್ದವು. ‘ಕಳೆದ ವರ್ಷ ಬ್ಯಾಂಕಿನಿಂದ ಬಡ್ಡಿ ಬಂತೇ?’ ಎಂಬ ಧಾಟಿ. ನಿಮ್ಮ ನಮೂನೆಯಲ್ಲಿ ಅದೇ ವಿಷಯ ಶೆಡ್ಯೂಲ್ ಇಂಥದು, ಕಲಂ ಇಂಥದು ಎಂದು ಬರುತ್ತದೆ. ತೋಟದ ಆದಾಯ ಎಲ್ಲಿ ಬರೆಯಬೇಕೆಂದು ಹುಡುಕಲು ನನಗೆ ಮುಕ್ಕಾಲು ಗಂಟೆ ಹಿಡಿಯಿತು. ಅದು ‘ಶೆಡ್ಯೂಲ್ ಇ.ಐ.’ ಎಂಬಲ್ಲಿ, ವಿನಾಯಿತಿ ಇರುವ ಆದಾಯಗಳ ಗುಂಪಿನಲ್ಲಿ ಅಡಗಿ ಕೂತಿತ್ತು. ಒಟ್ಟು ಬಂದದ್ದೆಷ್ಟು, ಖರ್ಚೆಷ್ಟು, ಹಿಂದಿನ ಎಂಟು ವರ್ಷಗಳ ನಷ್ಟ ಉಳಿದಿದೆಯೇ ಎಂದು ಕೇಳುತ್ತದೆ. ನಿವ್ವಳ ಐದು ಲಕ್ಷ ದಾಟಿದರೆ ಜಿಲ್ಲೆ, ಪಿನ್‌ಕೋಡ್, ಎಷ್ಟು ಎಕರೆ, ಸ್ವಂತವೋ ಗೇಣಿಯೋ, ನೀರಾವರಿಯೋ ಮಳೆಯಾಶ್ರಿತವೋ ಎಂಬುದನ್ನೂ ಬರೆಯಬೇಕು. ನನ್ನದು ಅಷ್ಟು ದೊಡ್ಡ ತೋಟವಲ್ಲ, ಆದರೂ ಯೋಚಿಸಿದೆ: ಮಳೆಗಾಲವಿಡೀ ನೀರು ಹೊರಹಾಕಲು ಕಾಲುವೆ ಬಿಡಿಸಿ, ಬೇಸಿಗೆಯಲ್ಲಿ ಹಳ್ಳದ ನೀರು ಹಾಯಿಸುವ ನಮ್ಮ ಕಣಿವೆಯ ತೋಟ ಈ ಎರಡರಲ್ಲಿ ಯಾವುದು?

ಷೇರು ವ್ಯವಹಾರ ಹೆಚ್ಚಿರುವವರಿಗೆ, ವರ್ಷದಲ್ಲಿ ಎರಡು ಕೆಲಸ ಬದಲಾಯಿಸಿದವರಿಗೆ, ವಿದೇಶದ ಆದಾಯ ಇರುವವರಿಗೆ ಹಣ ಕೊಟ್ಟು ಕೊಳ್ಳುವ ಸಾಫ್ಟ್‌ವೇರ್ ದಂಡವಲ್ಲ. ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗ ನೂರಾರು ಸಾಲಿನ ಷೇರು ಪಟ್ಟಿಯನ್ನು ಅಂಥದೊಂದು ತಾಣಕ್ಕೆ ಏರಿಸಿ ಹತ್ತು ನಿಮಿಷದಲ್ಲಿ ಮುಗಿಸುತ್ತಾನೆ. ಅವನು ಕೊಡುವ ಹಣ ಅವನ ಒಂದು ಭಾನುವಾರಕ್ಕಿಂತ ಅಗ್ಗ. ಅಂಗಡಿ ನಡೆಸುವವರಿಗೆ ಪೇಟೆಯ ಲೆಕ್ಕಪರಿಶೋಧಕರೇ ಬೇಕು. ಅವರ ಶುಲ್ಕದ ಬಗ್ಗೆ ನನ್ನ ತಕರಾರಿಲ್ಲ. ಪಿಂಚಣಿ, ಬಡ್ಡಿ, ಅಡಿಕೆ ಈ ಮೂರೇ ಸಾಲು ಇರುವವರಿಂದ ಸಾವಿರ ಚಿಲ್ಲರೆ ಕೀಳುವುದು ಮಾತ್ರ ನನಗೆ ಸರಿ ಕಾಣುವುದಿಲ್ಲ.

ಸಾವಿರ ಕಳೆದುಕೊಂಡ ನನ್ನದು ಸಣ್ಣ ಕತೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ.

ನಮ್ಮ ಮೇಲಿನಕೇರಿಯಲ್ಲಿ ನಿವೃತ್ತ ಬ್ಯಾಂಕ್ ನೌಕರರೊಬ್ಬರಿದ್ದಾರೆ. ಪೇಟೆಯ ಜೆರಾಕ್ಸ್ ಅಂಗಡಿಯೊಂದರಲ್ಲಿ ಮುನ್ನೂರು ರೂಪಾಯಿ ಕೊಟ್ಟು ರಿಟರ್ನ್ಸ್ ಹಾಕಿಸಿಕೊಂಡು ಬಂದಿದ್ದರು. ‘ಅಕ್ಕೋರೇ, ನೀವು ಮೂರು ದಿನ ಒದ್ದಾಡಿದಿರಿ, ನನ್ನದು ಕಾಲು ಗಂಟೆಯ ಕೆಲಸ’ ಎಂದು ಜಗಲಿಯ ಮೇಲೆ ಕೂತು ನಕ್ಕರು. ಪ್ರತಿ ತೋರಿಸಿ ಎಂದೆ. ಸಹಜ್ ನಮೂನೆ. ಕೃಷಿ ಆದಾಯ ಸೊನ್ನೆ. ತೋಟದ ವಿಷಯ ಹೇಳಲಿಲ್ಲವೇ ಎಂದರೆ, ಹೇಳಿದ್ದರಂತೆ; ‘ತೋಟಕ್ಕೆ ತೆರಿಗೆ ಇಲ್ಲವಲ್ಲ, ಹಾಕುವುದು ಬೇಡ, ಹಾಕಿದರೆ ಬೇರೆ ನಮೂನೆ ಬರುತ್ತದೆ, ಅದಕ್ಕೆ ನಮ್ಮ ಸಾಫ್ಟ್‌ವೇರ್ ಹೆಚ್ಚು ಹಣ ಕೇಳುತ್ತದೆ’ ಎಂದು ಅಂಗಡಿಯ ಹುಡುಗ ಉತ್ತರ ಕೊಟ್ಟನಂತೆ. ಸಂಪರ್ಕದ ಮೊಬೈಲ್ ಸಂಖ್ಯೆ, ಮಿಂಚಂಚೆ ಎರಡೂ ಆ ಹುಡುಗನದ್ದೇ! ಇಲಾಖೆಯಿಂದ ಏನೇ ಪತ್ರ ಬಂದರೂ ಹೋಗುವುದು ಜೆರಾಕ್ಸ್ ಅಂಗಡಿಗೆ. ದೋಷವಿರುವ ರಿಟರ್ನ್ಸ್ ಎಂದು ಸೂಚನೆ ಬಂದರೆ ಉತ್ತರಿಸಲು ಹದಿನೈದು ದಿನ. ಇವರಿಗೆ ಅದು ಗೊತ್ತಾಗುವುದು ಯಾವ ಜನ್ಮದಲ್ಲಿ?

ತೋಟಕ್ಕೆ ತೆರಿಗೆ ಇಲ್ಲ ಎಂಬುದು ಅರ್ಧ ಸತ್ಯ. ಕೃಷಿ ಆದಾಯಕ್ಕೆ ನೇರವಾಗಿ ತೆರಿಗೆ ಇಲ್ಲ, ನಿಜ. ಆದರೆ ಅದು ಐದು ಸಾವಿರ ಮೀರಿದ್ದರೆ ಮತ್ತು ಉಳಿದ ಆದಾಯ ವಿನಾಯಿತಿಯ ಮಿತಿ ದಾಟಿದ್ದರೆ, ಉಳಿದ ಆದಾಯಕ್ಕೆ ಯಾವ ದರ ಎಂದು ನಿರ್ಧರಿಸಲು ತೋಟದ ಆದಾಯವನ್ನೂ ಸೇರಿಸಿಕೊಳ್ಳಬೇಕು. ಇದನ್ನು ನಮ್ಮ ಕಡೆ ನೂರಕ್ಕೆ ತೊಂಬತ್ತು ಜನ ಕೇಳಿಯೇ ಇಲ್ಲ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ. ನಾನೂ ಆ ತೊಂಬತ್ತರಲ್ಲಿದ್ದವಳು.

ಕರಿಹಲಗೆಯ ಅಭ್ಯಾಸ ಬಿಡುವುದಿಲ್ಲ, ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. ಅಂಕಿಗಳನ್ನು ಸುಲಭಕ್ಕಾಗಿ ದುಂಡಗೆ ಮಾಡಿದ್ದೇನೆ. 2024–25ರ ಆದಾಯ, ಹೊಸ ಪದ್ಧತಿ. ಪಿಂಚಣಿ ಮತ್ತು ಬಡ್ಡಿ ಸೇರಿ, 75,000 ರೂಪಾಯಿಯ ಸ್ಥಿರ ಕಡಿತ ಕಳೆದ ಮೇಲೆ 8 ಲಕ್ಷ. ತೋಟದ ನಿವ್ವಳ 2 ಲಕ್ಷ. ತೋಟ ಮುಚ್ಚಿಟ್ಟರೆ 8 ಲಕ್ಷಕ್ಕೆ ತೆರಿಗೆ 30,000, ಶೇ 4ರ ಸೆಸ್ ಸೇರಿ 31,200. ತೋಟ ತೋರಿಸಿದರೆ ಮೊದಲು ಎರಡನ್ನೂ ಕೂಡಿ 10 ಲಕ್ಷಕ್ಕೆ ತೆರಿಗೆ ಹಾಕಬೇಕು: 50,000. ಆಮೇಲೆ ತೋಟದ 2 ಲಕ್ಷಕ್ಕೆ ವಿನಾಯಿತಿ ಮಿತಿಯ 3 ಲಕ್ಷ ಸೇರಿಸಿ, ಆ 5 ಲಕ್ಷದ ಮೇಲಿನ ತೆರಿಗೆ 10,000 ಕಳೆಯಬೇಕು. ಉಳಿದದ್ದು 40,000, ಸೆಸ್ ಸೇರಿ 41,600. ವ್ಯತ್ಯಾಸ 10,400 ರೂಪಾಯಿ.

ಅಂದರೆ ಮುನ್ನೂರು ರೂಪಾಯಿಗೆ ಕೆಲಸ ಮುಗಿಸಿದೆ ಎಂದು ನಕ್ಕವರು, ತಿಳಿಯದೆಯೇ ಹತ್ತು ಸಾವಿರದ ಆಸುಪಾಸಿನ ತೆರಿಗೆ ಮುಚ್ಚಿಟ್ಟವರಾಗಿದ್ದರು. ಆದಾಯ ಕಡಿಮೆ ತೋರಿಸಿದ್ದಕ್ಕೆ ತೆರಿಗೆಯ ಅರ್ಧದಷ್ಟು, ತಪ್ಪು ಮಾಹಿತಿ ಕೊಟ್ಟದ್ದೆಂದಾದರೆ ಎರಡು ಪಟ್ಟು ದಂಡ ಹಾಕಲು ಕಾನೂನಿನಲ್ಲಿ ಅವಕಾಶವಿದೆ. ಅಡಿಕೆಯ ಹಣ ಸೊಸೈಟಿಯಿಂದ ಖಾತೆಗೇ ಬರುತ್ತದೆ, ಅಡಗಿಸುವ ದುಡ್ಡೂ ಅಲ್ಲ. ನಾಲ್ಕು ದಶಕ ಬ್ಯಾಂಕಿನ ಲೆಕ್ಕದಲ್ಲಿ ಒಂದು ಪೈಸೆ ಹೆಚ್ಚುಕಡಿಮೆ ಮಾಡದ ಮನುಷ್ಯ. ವಿಷಯ ತಿಳಿದ ರಾತ್ರಿ ನಿದ್ದೆ ಮಾಡಲಿಲ್ಲ ಎಂದು ಅವರ ಮನೆಯವರು ಹೇಳಿದರು. ಡಿಸೆಂಬರ್ 31ರ ಒಳಗೆ ಪರಿಷ್ಕೃತ ರಿಟರ್ನ್ಸ್ ಹಾಕಲು ಅವಕಾಶ ಇದ್ದದ್ದು ಪುಣ್ಯ. ನಮ್ಮ ಜಗಲಿಯಲ್ಲೇ, ನಿಮ್ಮ ಪೋರ್ಟಲ್‌ನಲ್ಲೇ ಸರಿಪಡಿಸಿದೆವು. ಬಾಕಿ ತೆರಿಗೆಯನ್ನು ಬಡ್ಡಿಯೊಡನೆ ಕಟ್ಟಿದರು. ಮೊಬೈಲ್ ಸಂಖ್ಯೆ, ಮಿಂಚಂಚೆಯನ್ನೂ ಬದಲಾಯಿಸಿದೆವು. ಅದಕ್ಕೆ ಯಾರಿಗೂ ಏನೂ ಕೊಡಬೇಕಾಗಲಿಲ್ಲ. ನನಗೆ ಒಂದು ಕೊಟ್ಟೆ ಚಾಲಿ ಅಡಿಕೆ ತಂದುಕೊಟ್ಟರು, ತೋಟ ನನಗೂ ಇದೆ ಎಂಬುದನ್ನು ಮರೆತು.

ಈಗ ಆ ಐದು ಸಾವಿರದ ಗೆರೆಯ ಮಾತು. ಸಹಜ್ ನಮೂನೆ ಬಳಸಬೇಕಾದರೆ ಕೃಷಿ ಆದಾಯ ಐದು ಸಾವಿರ ಮೀರಬಾರದು. ಐವತ್ತು ಲಕ್ಷದವರೆಗಿನ ಸಂಬಳದವರು ಸಹಜ್ ತುಂಬಬಹುದು, ಒಂದೆರಡು ಚೀಲ ಅಡಿಕೆ ಮಾರಿದ ಪಿಂಚಣಿದಾರರು ತುಂಬುವಂತಿಲ್ಲ. ಒಂದು ಕ್ವಿಂಟಾಲ್ ರಾಶಿ ಅಡಿಕೆಯ ಬೆಲೆ ಈ ಐದು ಸಾವಿರದ ಎಷ್ಟೋ ಪಟ್ಟು ಎಂದು ತಮಗೆ ಯಾರಾದರೂ ಹೇಳಿದ್ದಾರೆಯೇ? 2025–26ರ ತೆರಿಗೆ ನಿರ್ಧರಣಾ ವರ್ಷದಿಂದ, ಅಂದರೆ 2024–25ರ ಆದಾಯದಿಂದ, ತಾವು ಸಹಜ್ ನಮೂನೆಯಲ್ಲಿ ಷೇರು ಮತ್ತು ಮ್ಯೂಚುವಲ್ ಫಂಡ್ ಮಾರಿದವರಿಗೆ 1.25 ಲಕ್ಷದವರೆಗಿನ ದೀರ್ಘಾವಧಿ ಲಾಭವನ್ನು ತೋರಿಸಲು ಜಾಗ ಮಾಡಿಕೊಟ್ಟಿರಿ. ಒಳ್ಳೆಯದೇ ಆಯಿತು, ನಗರದ ಸಣ್ಣ ಹೂಡಿಕೆದಾರರಿಗೆ ಅನುಕೂಲ. ಆದರೆ ಷೇರು ಮಾರಿದವರಿಗೆ ತೆರೆದ ಬಾಗಿಲು ಅಡಿಕೆ ಮಾರಿದವರಿಗೆ, ಭತ್ತ ಮಾರಿದವರಿಗೆ, ಮೆಣಸು ಮಾರಿದವರಿಗೆ ಏಕೆ ಮುಚ್ಚಿಯೇ ಉಳಿಯಿತು?

ಈ ಗೆರೆ ಬರೀ ಗೆರೆಯಲ್ಲ. ಖಾಸಗಿ ಸಾಫ್ಟ್‌ವೇರಿನವರು ತಮ್ಮ ‘ಉಚಿತ’ವನ್ನು ಅಳೆಯುವುದೇ ಇದರಿಂದ. ಸಹಜ್ ಆದರೆ ಉಚಿತ, ಐಟಿಆರ್-2 ಆದರೆ ಹಣ. ತಾವು ಎಳೆದ ಗೆರೆಯ ಮೇಲೆ ಅವರು ಗೇಟು ಕಟ್ಟಿ ಸುಂಕ ವಸೂಲು ಮಾಡುತ್ತಿದ್ದಾರೆ. ಸುಂಕ ತಪ್ಪಿಸಲು ಹೊರಟವರು ಜೆರಾಕ್ಸ್ ಅಂಗಡಿಯಲ್ಲಿ ತೋಟವನ್ನೇ ಅಳಿಸಿ ಬರುತ್ತಿದ್ದಾರೆ.

ನನ್ನ ತಮ್ಮನ ಮಗಳು ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾಳೆ. ಈ ಕತೆ ಹೇಳಿದರೆ ಅವಳಿಗೆ ಹೊಸದೆನಿಸಲಿಲ್ಲ. ಅಲ್ಲಿ ಟರ್ಬೊಟ್ಯಾಕ್ಸ್ ಎಂಬ ಸಾಫ್ಟ್‌ವೇರ್ ಮಾರುವ ಇಂಟ್ಯೂಟ್ ಕಂಪನಿ, ಉಚಿತ ಎಂದು ಜಾಹೀರಾತು ಕೊಟ್ಟು ಹಣ ಪಡೆದ ಆರೋಪದ ಮೇಲೆ, 2022ರಲ್ಲಿ ಐವತ್ತೂ ರಾಜ್ಯಗಳೊಂದಿಗೆ 14.1 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡಿತು. ಆಮೇಲೆ ಅಲ್ಲಿನ ತೆರಿಗೆ ಇಲಾಖೆ ತನ್ನದೇ ಉಚಿತ ವ್ಯವಸ್ಥೆಯನ್ನು 2024ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ಆರಂಭಿಸಿ, 2025ರಲ್ಲಿ ಇಪ್ಪತ್ತೈದಕ್ಕೆ ಹಿಗ್ಗಿಸಿ, ಅಲ್ಲಿಗೇ ನಿಲ್ಲಿಸಿಬಿಟ್ಟಿತು. ‘ಅತ್ತೆ, ನಿಮ್ಮಲ್ಲಿ ಸರ್ಕಾರವೇ ಎಲ್ಲರಿಗೂ ಉಚಿತವಾಗಿ ಕೊಟ್ಟಿದೆ, ಆದರೂ ನೀವು ದುಡ್ಡು ಕೊಟ್ಟಿರಾ?’ ಎಂದು ಅವಳು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ದೊಡ್ಡ ದೇಶವೊಂದು ಉಳಿಸಿಕೊಳ್ಳಲಾಗದ್ದನ್ನು ತಾವು ಕಟ್ಟಿ ನಡೆಸುತ್ತಿದ್ದೀರಿ. 2024ರ ಜುಲೈ 31ರ ಒಳಗೆ ದೇಶದಲ್ಲಿ 7.28 ಕೋಟಿ ರಿಟರ್ನ್ಸ್ ಸಲ್ಲಿಕೆಯಾದವು. ಇಷ್ಟನ್ನು ಹೊರುವ ಯಂತ್ರ ಕಟ್ಟಬಲ್ಲವರಿಗೆ ‘ಇದಕ್ಕೆ ಹಣ ಬೇಡ’ ಎಂಬ ಮೂರು ಪದವನ್ನು ಹುಲೇಕಲ್‌ಗೆ ಮುಟ್ಟಿಸುವುದು ಕಷ್ಟವೇ?

ಜನರ ಹಿಂಜರಿಕೆಗೆ ಹಳೆಯ ಕಾರಣವೂ ಒಂದಿದೆ. 2021ರ ಜೂನ್ 7ರಂದು ಹೊಸ ಪೋರ್ಟಲ್ ಬಂದಾಗ ಮೊದಲ ತಿಂಗಳುಗಳಲ್ಲಿ ಅದು ಕೊಟ್ಟ ಕಾಟ ಪತ್ರಿಕೆಗಳ ಮುಖಪುಟದಲ್ಲೇ ಬಂತು; ಆ ವರ್ಷದ ಗಡುವು ಡಿಸೆಂಬರ್ 31ರವರೆಗೆ ಹೋಯಿತು. ಈಗ ಅದು ಬಹಳ ಸುಧಾರಿಸಿದೆ, ನಾನೇ ಸಾಕ್ಷಿ. ಆದರೆ ‘ಸರ್ಕಾರದ್ದು ತೆರೆಯುವುದೇ ಇಲ್ಲ’ ಎಂಬ ಮಾತು ಊರಲ್ಲಿ ಉಳಿದುಬಿಟ್ಟಿದೆ. ಒಮ್ಮೆ ಕೆಟ್ಟ ಬಾವಿಯ ನೀರನ್ನು ತೊಳೆದ ಮೇಲೂ ಯಾರೂ ಸೇದುವುದಿಲ್ಲ. ತೊಳೆದವರೇ ಮೊದಲ ಕೊಡ ಕುಡಿದು ತೋರಿಸಬೇಕಾಗುತ್ತದೆ.

ಆದ್ದರಿಂದ ನನ್ನ ಬೇಡಿಕೆಗಳು.

ಮೊದಲನೆಯದು ಅತ್ಯಂತ ಅಗ್ಗದ್ದು. ಬ್ಯಾಂಕುಗಳು ಪಿಂಚಣಿದಾರರಿಗೆ ಕೊಡುವ ಫಾರ್ಮ್ 16ರಲ್ಲಿ, ಗಡುವು ನೆನಪಿಸಲು ಇಲಾಖೆ ಕಳಿಸುವ ಮೊಬೈಲ್ ಸಂದೇಶಗಳಲ್ಲಿ, ಒಂದು ಸಾಲು ಕನ್ನಡದಲ್ಲಿ ಇರಲಿ: ಇಲಾಖೆಯ ಪೋರ್ಟಲ್‌ನಲ್ಲಿ ಎಲ್ಲ ನಮೂನೆಗಳನ್ನೂ ಶುಲ್ಕವಿಲ್ಲದೆ ಸಲ್ಲಿಸಬಹುದು. ‘ಎಲ್ಲ ನಮೂನೆ’ ಎಂಬ ಪದವನ್ನು ದಯವಿಟ್ಟು ಬಿಡಬೇಡಿ, ಮರ್ಮ ಇರುವುದೇ ಅದರಲ್ಲಿ. ನಾನು ತುಂಬಿದ ನಮೂನೆಯ ಒಳಗಿನ ಪದಗಳೆಲ್ಲ ಇಂಗ್ಲಿಷಿನವು. ಅವುಗಳ ಪಕ್ಕದಲ್ಲಿ ಕನ್ನಡದ ಎರಡು ಸಾಲಿನ ವಿವರಣೆ ಕೊಡಿ. ದೇಶದ ರಿಟರ್ನ್ಸ್‌ಗಳನ್ನೆಲ್ಲ ಪರಿಶೀಲಿಸುವ ತಮ್ಮ ಕೇಂದ್ರ ಇರುವುದು ಬೆಂಗಳೂರಿನಲ್ಲಿ. ಕನ್ನಡ ಬಲ್ಲವರನ್ನು ಹುಡುಕಲು ತಾವು ದೂರ ಹೋಗಬೇಕಿಲ್ಲ.

ಎರಡನೆಯದು, ರಿಟರ್ನ್ಸ್ ಸಲ್ಲಿಸಿಕೊಡುವ ಖಾಸಗಿ ತಾಣಗಳು ಮಧ್ಯವರ್ತಿಗಳಾಗಿ ತಮ್ಮಲ್ಲೇ ನೋಂದಾಯಿಸಿಕೊಳ್ಳುತ್ತವೆ. ಆ ನೋಂದಣಿಗೆ ಒಂದು ಷರತ್ತು ಸೇರಿಸಿ. ಪ್ಯಾನ್ ಕೇಳುವ ಮೊದಲೇ, ಯಾರಿಗೆ ಉಚಿತ, ಯಾರಿಗೆ ಅಲ್ಲ, ಅಲ್ಲದವರಿಗೆ ಜಿಎಸ್‌ಟಿ ಸೇರಿ ಎಷ್ಟು ಎಂಬುದನ್ನು ಅವರು ಮೊದಲ ಪುಟದಲ್ಲಿ ಹೇಳಬೇಕು. ಇಲಾಖೆಯಲ್ಲಿ ಇದು ಉಚಿತವಾಗಿ ಸಿಗುತ್ತದೆ ಎಂಬ ಮಾತೂ ಅಲ್ಲೇ ಇರಬೇಕು. ಅರ್ಧಕ್ಕೆ ಬಿಟ್ಟು ಹೊರಟವರ ಮಾಹಿತಿಯನ್ನು ಅಳಿಸಬೇಕು. ಬೇರೆಯವರ ರಿಟರ್ನ್ಸ್ ತುಂಬುವಾಗ ಅಂಗಡಿಯವರು ತಮ್ಮ ಮೊಬೈಲ್ ಸಂಖ್ಯೆ ಹಾಕದಂತೆ, ಒಂದೇ ಸಂಖ್ಯೆ ಹತ್ತಾರು ಪ್ಯಾನ್‌ಗಳಲ್ಲಿ ಕಂಡರೆ ತೆರಿಗೆದಾರರಿಗೆ ಅಂಚೆಯಲ್ಲೊಂದು ಕಾಗದ ಬರುವಂತೆ ಮಾಡಿ.

ಮೂರನೆಯದು ಆ ಗೆರೆ. ಪಿಂಚಣಿ, ಬಡ್ಡಿ, ಒಂದು ಮನೆಯ ಜೊತೆಗೆ ಐದು ಲಕ್ಷದವರೆಗೆ ಕೃಷಿ ಆದಾಯವಿರುವವರಿಗೂ ಸಹಜ್ ತೆರೆಯಿರಿ. ಐದು ಲಕ್ಷ ಎಂದು ನಾನು ಮನಸ್ಸಿಗೆ ಬಂದಂತೆ ಹೇಳುತ್ತಿಲ್ಲ. ಜಮೀನಿನ ವಿವರ ಕೇಳಲು ತಾವೇ ಇಟ್ಟುಕೊಂಡಿರುವ ಮಿತಿ ಅದು. ತೆರಿಗೆಯಲ್ಲಿ ರಿಯಾಯಿತಿ ಕೇಳುತ್ತಿಲ್ಲ ಎಂಬುದನ್ನು ಗಮನಿಸಬೇಕು. 41,600 ಬಂದರೆ 41,600 ಕಟ್ಟುತ್ತೇವೆ; ಲೆಕ್ಕ ಹಾಕುವ ಎರಡು ಸಾಲನ್ನು ಯಂತ್ರ ತಾನೇ ಮಾಡಿಕೊಳ್ಳುತ್ತದೆ. ಅದು ತಕ್ಷಣ ಆಗದಿದ್ದರೆ ಐಟಿಆರ್-2ನ್ನಾದರೂ ಸಹಜ್ ಜೊತೆಗೇ ಬಿಡುಗಡೆ ಮಾಡಿ. 2025ರಲ್ಲಿ ಸಹಜ್‌ನ ಸಲಕರಣೆ ಮೇ ಕೊನೆಗೆ ಬಂತು, ಐಟಿಆರ್-2 ಬಂದದ್ದು ಜುಲೈಯಲ್ಲಿ. ಮೇ ಎಂದರೆ ನಮ್ಮಲ್ಲಿ ಬಿಸಿಲು, ಕರೆಂಟು, ಕೈಬಿಡುವು ಮೂರೂ ಇರುವ ತಿಂಗಳು. ಆ ವರ್ಷ ಗಡುವನ್ನು ಸೆಪ್ಟೆಂಬರ್ 15ಕ್ಕೆ, ಕೊನೆಗೆ 16ಕ್ಕೆ ಮುಂದೂಡಿದಿರಿ ಎಂಬುದನ್ನು ಮರೆತಿಲ್ಲ.

ಒಟಿಪಿಯ ಬಗ್ಗೆಯೂ ಒಂದು ಮಾತು. ರಿಟರ್ನ್ಸ್ ಹಾಕಿ ಮೂವತ್ತು ದಿನದೊಳಗೆ ದೃಢೀಕರಿಸಬೇಕು; ಆಧಾರ್ ಒಟಿಪಿ ಬಾಳುವುದು ಹದಿನೈದು ನಿಮಿಷ. ನಮ್ಮ ಬೆಟ್ಟ ಹತ್ತಿ ಇಳಿಯಲು ಹದಿನೆಂಟು. ಸಹಿ ಮಾಡಿದ ಸ್ವೀಕೃತಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಬೆಂಗಳೂರಿಗೆ ಕಳಿಸುವ ದಾರಿಯನ್ನು ತಾವು ಇನ್ನೂ ಉಳಿಸಿಕೊಂಡಿರುವುದಕ್ಕೆ ಕೃತಜ್ಞತೆ. ಅದನ್ನು ಮುಚ್ಚಬೇಡಿ.

ಈ ವರ್ಷದಿಂದ ಮಳೆ ಹಿಡಿಯುವ ಮೊದಲೇ ಭಾನುವಾರಗಳಂದು ನಮ್ಮ ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುವುದೆಂದು ತೀರ್ಮಾನಿಸಿದ್ದೇನೆ. ಫಾರ್ಮ್ 16, ಸೊಸೈಟಿಯ ಪಟ್ಟಿ, ತಮ್ಮದೇ ಮೊಬೈಲ್ ತಂದವರು ತಮ್ಮ ಕೈಯಿಂದಲೇ ತುಂಬಬೇಕು. ನಾನು ಪಕ್ಕದಲ್ಲಿ ಕೂತು ಸಾಲು ತೋರಿಸುತ್ತೇನೆ, ಪಾಸ್‌ವರ್ಡ್ ಮುಟ್ಟುವುದಿಲ್ಲ. ಈಗಾಗಲೇ ಏಳು ಜನ ಹೆಸರು ಬರೆಸಿದ್ದಾರೆ. ಅವರಲ್ಲಿ ಐದು ಜನರಿಗೆ ತೋಟವಿದೆ. ಆ ಐವರಿಗೆ ಯಾವ ನಮೂನೆ ತೋರಿಸಬೇಕು ಎಂಬುದಕ್ಕೆ ತಮ್ಮ ಉತ್ತರ ಮೇ ತಿಂಗಳೊಳಗೆ, ಸಾಧ್ಯವಾದರೆ ಕನ್ನಡದಲ್ಲಿ, ಬಂದರೆ ಅನುಕೂಲ.

1,178 ರೂಪಾಯಿ 82 ಪೈಸೆಯ ರಸೀದಿಯ ನಕಲನ್ನು ಲಗತ್ತಿಸಿದ್ದೇನೆ. ಕಂಪನಿಯ ಹೆಸರಿನ ಮೇಲೆ ಮಸಿ ಬಳಿದಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಗಣಿತ ಶಿಕ್ಷಕಿ,
ಶಿರಸಿ ತಾಲ್ಲೂಕು, ಉತ್ತರ ಕನ್ನಡ